ಧಾರೆಯ ಹೊತ್ತಿನ ಪಿಟೀಲು

ನನ್ನ ಮದುವೆಗೆ ಕ್ರಿಸ್‌ಮಸ್ ಸಂಗೀತ ಹಾಕಿದ್ದರು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಹೆಬಳೆಯ ನಮ್ಮ ಅಂಗಳದ ಚಪ್ಪರದಲ್ಲಿ, ಸರಿಯಾಗಿ ಧಾರೆಯ ಹೊತ್ತಿಗೆ, ಮೈಕ್ ಸೆಟ್ಟಿನವನ ವಾಲಗದ ರೆಕಾರ್ಡು ಕೈಜಾರಿ ಬಿದ್ದು ಒಡೆಯಿತು. ಊರೆಲ್ಲ ಕ್ಯಾಸೆಟ್ಟಿಗೆ ಹೋಗಿದ್ದರೂ ಈ ಪುಣ್ಯಾತ್ಮ ಹಳೇ ಪ್ಲೇಯರ್ ಬಿಟ್ಟಿರಲಿಲ್ಲ. ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಚಿಕ್ಕ ರೆಕಾರ್ಡೊಂದನ್ನು ಹಾಕಿದ. ಎಷ್ಟೋ ಪಿಟೀಲುಗಳು ಒಟ್ಟಿಗೆ, ನಿಧಾನವಾಗಿ ನುಡಿಯತೊಡಗಿದವು. ನಾನು ತಲೆ ಬಗ್ಗಿಸಿ ನಿಂತಿದ್ದೆ, ಅಪ್ಪ ಧಾರೆ ಎರೆಯುತ್ತಿದ್ದರು. ಮೈಯೆಲ್ಲ ಜುಮ್ಮೆಂದಿತು.

ಆಮೇಲೊಮ್ಮೆ ಅವನನ್ನು ಹಿಡಿದು ಕೇಳಿದೆ. “ಅದು ಕ್ರಿಸ್‌ಮಸ್ಸಿಂದು ಅಕ್ಕ. ಮಾತಿಲ್ಲ, ಬರೀ ವಾದ್ಯ. ಯಾರಿಗೆ ಗೊತ್ತಾಗ್ತದೆ?” ಎಂದು ಹಲ್ಲುಕಿರಿದ. ಅಷ್ಟರಲ್ಲಿ ಇದ್ದಬದ್ದ ರೆಕಾರ್ಡನ್ನೆಲ್ಲ ಭಟ್ಕಳದ ಗುಜರಿ ಅಂಗಡಿಗೆ ಹಾಕಿ ಕೈತೊಳೆದುಕೊಂಡಿದ್ದ.

ಅಪ್ಪ ತೀರಿಕೊಂಡ ಮೇಲೆ ಆ ಪಿಟೀಲು ಇನ್ನೊಮ್ಮೆ ಕೇಳಲೇಬೇಕು ಅನ್ನಿಸಿತು. ಗುಜರಿಯಲ್ಲಿ ಮೊದಲು ಸಿಕ್ಕಿದ್ದು ಒಂದು ಚಿಕ್ಕ ರೆಕಾರ್ಡು. ಅಲ್ಲೇ ಕೊಂಡ ಹಳೇ ಪ್ಲೇಯರಿನಲ್ಲಿ ಹಾಕಿ ನೋಡಿದರೆ ಅಯ್ಯೋ ದೇವರೇ, ರೈಲು ತಪ್ಪಿಹೋಗುವವರ ಹಾಗೆ ಓಡುವ ಪಿಟೀಲು! ಮೂಲೆಗೆ ಸೇರಿಸಿದೆ. ಆಮೇಲೆ ಕುಮಟೆಯಿಂದ, ಬೊಂಬಾಯಿಯಿಂದ ಬಂದವರ ಟ್ರಂಕುಗಳಿಂದ, ಎಲ್ಲೆಲ್ಲಿಂದಲೋ ಕ್ರಿಸ್‌ಮಸ್ ರೆಕಾರ್ಡುಗಳನ್ನು ತಂದೆ. ಹೊನ್ನಾವರದ ನಮ್ಮ ಕಪಾಟಿನಲ್ಲಿ ಈಗ ಸೀರೆಗೆ ಜಾಗವಿಲ್ಲ.

ನನ್ನ ಗಂಡ ಬೋಟಿನ ಇಂಜಿನ್ ರಿಪೇರಿ ಮಾಡುವವರು. “ಮದುವೇಲಿ ಅಂಥದ್ದೆಂತದೂ ಇರ್ಲಿಲ್ಲ ಮಾರಾಯ್ತಿ, ನೀ ಕನಸು ಕಂಡದ್ದು” ಎಂಬುದೇ ಅವರ ಮಾತು. ಎಲ್ಲರೆದುರು ನಕ್ಕು ಬಿಡುತ್ತಿದ್ದೆ. ಆದರೆ ಆ ದಿನದ ಒಂದು ಚೂರೂ ಈ ಮನುಷ್ಯನಲ್ಲಿ ಉಳಿದಿಲ್ಲವಲ್ಲ ಎಂದು ಒಳಗೊಳಗೇ ಬೇಜಾರಾಗುತ್ತಿತ್ತು.

ಪಕ್ಕದ ಮನೆಯ ಟೀಚರಮ್ಮ ಕೊಂಕಣಿ ಮಾತಾಡುವ ಕ್ರಿಶ್ಚನ್ನರು. ಪ್ರತಿ ಡಿಸೆಂಬರಿಗೆ ನಾನು ಪ್ಲೇಯರ್ ಹೊತ್ತುಕೊಂಡು ಅವರ ಮನೆಗೆ ಹೋಗುತ್ತೇನೆ. ಕೇರಿಯವರೆಲ್ಲ ಬಂದು, ಬಾಲಯೇಸುವನ್ನು ಮಲಗಿಸಿದ ಅವರ ಗೋದಲಿಯ ಮುಂದೆ ಕೂತು ಕೇಳುತ್ತಾರೆ, ಕರಿದ ತಿಂಡಿ ಖಾಲಿ ಮಾಡುತ್ತಾರೆ. “ಕ್ರಿಶ್ಚನ್ ನಾನೋ ನೀನೋ?” ಎಂದು ಟೀಚರಮ್ಮ ಕಾಡಿಸುತ್ತಾರೆ.

ಕಳೆದ ವರ್ಷ ಎಲ್ಲ ರೆಕಾರ್ಡೂ ಮುಗಿದು, ಕೊನೆಗೆ ಆ ಓಡುವ ಪಿಟೀಲನ್ನೂ ಹಾಕಿದೆ. ಚಕ್ಕುಲಿ ತಿನ್ನುತ್ತಿದ್ದ ಇವರು ಮುಖ ಕಿವುಚಿದರು.

“ಎಂತದಿದು! ಇಂಜಿನ್ ರೇಸ್ ಆದ ಹಾಂಗೆ ಆತಲ್ಲ” ಎಂದು ಎದ್ದು ಬಂದರು.

“ಹೋಯ್, ಮುಟ್ಟಬೇಡಿ!” ಎಂದೆ. ಕೇಳಿದರೆ ತಾನೆ? ವೇಗದ ಗುಂಡಿಯನ್ನು ನಲವತ್ತೈದರಿಂದ ಮೂವತ್ತಮೂರಕ್ಕೆ ತಿರುಗಿಸಿಯೇಬಿಟ್ಟರು.

ಪಿಟೀಲುಗಳು ತಗ್ಗಿದವು, ನಿಧಾನವಾದವು. ಅಲ್ಲಿತ್ತು, ನನ್ನ ಧಾರೆ! ದೊಡ್ಡ ರೆಕಾರ್ಡು ತಿರುಗಬೇಕಾದ್ದು ಮೂವತ್ತಮೂರರಲ್ಲಿ, ಚಿಕ್ಕದು ನಲವತ್ತೈದರಲ್ಲಿ. ವಾಲಗದ ದೊಡ್ಡ ರೆಕಾರ್ಡು ತೆಗೆದು ಚಿಕ್ಕದನ್ನು ಹಾಕಿದ ಮೈಕಿನವನು ಗುಂಡಿ ತಿರುಗಿಸುವುದನ್ನೇ ಮರೆತಿದ್ದ. ಇಷ್ಟು ವರ್ಷ ಊರೂರು ಅಲೆದು ಹುಡುಕಿದ್ದು ನಮ್ಮ ಕಪಾಟಿನಲ್ಲೇ ಇತ್ತು. ನಗಬೇಕೋ, ತಲೆ ಚಚ್ಚಿಕೊಳ್ಳಬೇಕೋ?

ಇವರು ಮಾತ್ರ ಗುಂಡಿಯ ಮೇಲಿನ ಕೈ ತೆಗೆಯದೆ ನಿಂತೇ ಇದ್ದರು. ಪಿಟೀಲುಗಳು ಒಮ್ಮೆ ಮೇಲೆ ಹೋಗಿ ಇಳಿಯುವಾಗ ಮೆಲ್ಲಗೆ ಹೇಳಿದರು: “ಇಲ್ಲೇ ನಿನ್ನ ಅಪ್ಪ ಅತ್ತದ್ದು. ಕೈಲಿ ಕಲಶ ಇತ್ತು, ಭುಜಕ್ಕೆ ಕಣ್ಣು ಒರೆಸ್ಕಂಡ್ರು. ನೀ ತಲೆ ಬಗ್ಗಿಸಿದ್ದೆ, ನಿಂಗೆ ಕಾಣ್ಲಿಲ್ಲ.”

ಅಪ್ಪ ಅತ್ತಿದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡೆ.

“ಸರಿ ಸ್ಪೀಡಿಗೆ ಹಾಕಿ ಮಾರಾಯ್ರೆ,” ಟೀಚರಮ್ಮ ಗೋದಲಿಯ ಕಡೆ ಕೈತೋರಿಸಿದರು, “ಬಾಲಯೇಸು ನಿದ್ದೆ ಹೋಗ್ತಾನೆ.”

“ಹೋಗ್ಲಿ ಟೀಚರ್ರೆ, ಸಣ್ಣ ಮಗು ಅಲ್ವಾ” ಎಂದು ನಾನು ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಟ್ಟೆ.