ಸಂಗಮದ ಸೇತುವೆಯ ಮೇಲೆ ಅಪ್ಪ

ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಬಟ್ಟೆಯ ವಾಸನೆ ಮೂಗಿಗೆ ತಾಗಿದರೆ ಸಾಕು, ಈ ವಯಸ್ಸಿನಲ್ಲೂ ನನಗೆ ಸಿಟ್ಟು ಬರುತ್ತದೆ. ಬೇರೆಯವರಿಗೆ ಆ ವಾಸನೆ ಹಬ್ಬವನ್ನು ನೆನಪಿಸಬಹುದು. ನನಗೆ ನೆನಪಾಗುವುದು ಪುಣೆಯ ಭಾನುವಾರದ ಬೆಳಗು: ಇದ್ದಿಲು ತುಂಬಿದ ಇಸ್ತ್ರಿಪೆಟ್ಟಿಗೆಯ ಬಿಸಿ, ಕುತ್ತಿಗೆಯ ಹಿಂದೆ ಚುಚ್ಚುವ ಫ್ರಾಕಿನ ಕಾಲರು, ಖಾಲಿ ಹೊಟ್ಟೆ, ಹಿಮ್ಮಡಿ ಕಚ್ಚುವ ಬೂಟು, ಮತ್ತು ಸಂಗಮದ ಸೇತುವೆಯ ಕಟ್ಟೆಯ ಮೇಲೆ ಎರಡೂ ಮೊಣಕೈ ಊರಿ, ಜಗತ್ತಿನಲ್ಲಿ ಗಡಿಯಾರ ಇನ್ನೂ ಹುಟ್ಟೇ ಇಲ್ಲವೆಂಬಂತೆ ನೀರು ನೋಡುತ್ತ ನಿಂತ ನಮ್ಮ ಅಪ್ಪ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬಹುದು. ಅವರು ಬದುಕಿದ್ದಾಗ ಕೈ ಹಿಡಿದು ಜಗ್ಗಿ ಜಗ್ಗಿ ಸಾಕಾಗಿ, ಆಮೇಲೆ ಜಗ್ಗಲು ಯಾರೂ ಇಲ್ಲವಾದಾಗ ಕೈಗೆ ಏನು ಕೆಲಸ ಕೊಡಬೇಕೆಂದು ತಿಳಿಯದೆ ನಿಂತವರಿಗೆ ನಾನು ಹೇಳುವುದು ಅರ್ಥವಾದೀತು.

ಆಗ ನಾವು ರಾಸ್ತಾ ಪೇಠೆಯಲ್ಲಿ, ಸಾಲುಮನೆಗಳ ಒಂದು ಚಾಳಿನ ಮೇಲಂತಸ್ತಿನಲ್ಲಿ ಇದ್ದೆವು. ಒಂದೇ ಕೋಣೆ, ಅದರ ಮುಂದೆ ಉದ್ದಕ್ಕೆ ಹರಿದ ಮರದ ಪಡಸಾಲೆ. ಅವ್ವ ಕೆಳಗಿನ ನಲ್ಲಿಯ ಹತ್ತಿರ ಮರಾಠಿಯಲ್ಲಿ ಜಗಳಾಡಿ ಕೊಡ ತುಂಬಿಸಿಕೊಂಡು, ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಧಾರವಾಡದ ಕನ್ನಡಕ್ಕೆ ತಿರುಗಿ ಉಳಿದ ಜಗಳವನ್ನು ಅಪ್ಪನ ಮೇಲೆ ತೀರಿಸುತ್ತಿದ್ದಳು. ಅಪ್ಪ ಛಾಪಖಾನೆಯಲ್ಲಿ ಮೊಳೆ ಜೋಡಿಸುವ ಕೆಲಸ ಮಾಡುತ್ತಿದ್ದ. ಸೀಸದ ಪುಟ್ಟ ಪುಟ್ಟ ಅಕ್ಷರಗಳನ್ನು ಒಂದೊಂದಾಗಿ ಆರಿಸಿ, ತಿರುಗುಮುರುಗಾಗಿ ಸಾಲಿಗೆ ಕೂರಿಸುವುದು. ಬೆಳಗಿನಿಂದ ಸಂಜೆಯವರೆಗೆ ಅದೇ. ಮನೆಗೆ ಬಂದಾಗ ಅವನ ಕೈ ಸೀಮೆಎಣ್ಣೆ ಮತ್ತು ಮಸಿಯ ವಾಸನೆ ಹೊಡೆಯುತ್ತಿತ್ತು, ಕಣ್ಣು ಕೆಂಪಾಗಿರುತ್ತಿತ್ತು. ವಾರವಿಡೀ ಒಂದು ಮಾತೂ ಹೆಚ್ಚು ಆಡದ ಮನುಷ್ಯ. ಭಾನುವಾರ ಬೀದಿಗೆ ಕಾಲಿಟ್ಟನೆಂದರೆ ಮುಗಿಯಿತು, ಬೇಲಿಯ ಮೇಲಿನ ಓತಿಕ್ಯಾತವೂ ಅವನಿಗೆ ಸಂಬಂಧಿಕ.

ಪುಣೆಯಲ್ಲಿದ್ದ ನಮ್ಮಂಥ ಕನ್ನಡ ಕ್ರೈಸ್ತ ಮನೆಗಳು ಬೆರಳೆಣಿಕೆಯಷ್ಟು. ಗಿರಣಿಯವರು, ರೈಲ್ವೆಯವರು, ಆಸ್ಪತ್ರೆಯಲ್ಲಿ ನರ್ಸಾಗಿದ್ದ ಒಬ್ಬಾಕೆ. ನಮಗೆ ಸ್ವಂತ ಚರ್ಚು ಇರಲಿಲ್ಲ, ಪಾದ್ರಿಯೂ ಇರಲಿಲ್ಲ. ನದಿಯಾಚೆ ಭಾಂಬುರ್ಡೆಯಲ್ಲಿ (ಈಗ ಅದನ್ನು ಶಿವಾಜಿನಗರ ಅನ್ನುತ್ತಾರೆ) ಮರಾಠಿಯವರ ಒಂದು ಚಿಕ್ಕ ಚರ್ಚಿತ್ತು. ಅವರ ಆರಾಧನೆ ಶುರುವಾಗುವ ಮೊದಲು, ಬೆಳಿಗ್ಗೆ ಒಂದು ತಾಸು ಅದನ್ನು ನಮಗೆ ಬಿಟ್ಟುಕೊಟ್ಟಿದ್ದರು. ಕನ್ನಡದಲ್ಲಿ ಹಾಡಲು, ಕನ್ನಡದಲ್ಲಿ ಅಳಲು ನಮಗೆ ಇಡೀ ವಾರದಲ್ಲಿ ಇದ್ದದ್ದು ಆ ಒಂದು ತಾಸು. ಅಪ್ಪನ ದನಿ ಚೆನ್ನಾಗಿತ್ತೆಂದು ಬೈಬಲಿನ ವೇದಪಾಠ ಓದುವ, ಪ್ರಾರ್ಥನೆ ನಡೆಸುವ ಕೆಲಸ ಅವನಿಗೆ ಬಿದ್ದಿತ್ತು. ಬಾಗಿಲ ಕೀಲಿಕೈಯೂ ಅವನ ಬಳಿಯೇ. ಆ ಕೀಲಿಕೈಯನ್ನು ಅವನಿಗೆ ಒಪ್ಪಿಸಿದವರ ಬುದ್ಧಿಗೆ ಏನು ಹೇಳಬೇಕೋ ನನಗೆ ಇಂದಿಗೂ ಗೊತ್ತಿಲ್ಲ.

ಏಕೆಂದರೆ ಅಪ್ಪ ನಿಲ್ಲುತ್ತಿದ್ದ. ಜಾಲಿಯ ಹೂವು ಉದುರಿ ದಾರಿ ಹಳದಿಯಾಗಿದ್ದರೆ ನಿಲ್ಲುತ್ತಿದ್ದ. ಮಳೆಗಾಲದಲ್ಲಿ ನೀರಿನ ಮೇಲೆ ಬಾಗಿದ ಕೊಂಬೆಗೆ ಗೀಜಗ ಗೂಡು ಹೆಣೆಯುತ್ತಿದ್ದರೆ, ಆ ಹಕ್ಕಿ ಗೂಡು ಮುಗಿಸಿಯೇ ತಾನು ಹೊರಡಬೇಕು ಎಂಬಂತೆ ನಿಲ್ಲುತ್ತಿದ್ದ. ಚಳಿಗಾಲದಲ್ಲಿ ನದಿಯ ಮೇಲಿಂದ ಹೊಗೆಯಂತೆ ಏಳುವ ಮಂಜು, ಬೇಸಿಗೆಯಲ್ಲಿ ಬತ್ತಿದ ಪಾತ್ರದ ಬಂಡೆಯ ಮೇಲೆ ಒಂಟಿ ಕಾಲಿನ ಕೊಕ್ಕರೆ. ಅವನಿಗೆ ನೆಪಕ್ಕೆ ಕೊರತೆಯಿರಲಿಲ್ಲ. "ಎಸ್ತಿ, ಇಲ್ಲಿ ಬಾ, ಇದನ್ನ ನೋಡು," ಎಂದು ನನ್ನ ಗದ್ದ ಹಿಡಿದು ತಿರುಗಿಸುತ್ತಿದ್ದ. ನಾನು ನೋಡುತ್ತಿದ್ದೆ. ಹಕ್ಕಿ ಇದ್ದರೆ ಹಕ್ಕಿ ಕಾಣುತ್ತಿತ್ತು. ನನ್ನ ಬೆನ್ನಿನ ಮೇಲೆ ಬೆವರು ಇಳಿದು ಕಾಲರಿನ ಗಂಜಿ ಅಂಟಂಟಾಗುತ್ತಿತ್ತು. ಅಷ್ಟು ಮುಂದೆ ಹೋಗಿದ್ದ ಅವ್ವ ತಿರುಗಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು.

"ಏನ್ರಿ, ನಿಮ್ಮ ದೇವರಿಗೆ ಮನಿ ಇಲ್ಲೇನ್ರಿ? ಬೀದ್ಯಾಗ ಬೀದ್ಯಾಗ ನಿಂತು ಹುಡುಕ್ತೀರಲ್ಲ."

"ಹುಡುಕೋದಿಲ್ಲ. ಇಲ್ಲೇ ಅದಾನ, ಅದಕ್ಕ ನಿಂತೀನಿ," ಅನ್ನುತ್ತಿದ್ದ ಅಪ್ಪ, ಸ್ವಲ್ಪವೂ ಸಿಟ್ಟಿಲ್ಲದೆ. ಅವನಿಗೆ ಸಿಟ್ಟು ಬರುತ್ತಿರಲಿಲ್ಲ ಎಂಬುದೇ ಅವ್ವನ ಸಿಟ್ಟಿಗೆ ಅರ್ಧ ಕಾರಣ.

ಚರ್ಚಿನ ಮೆಟ್ಟಿಲ ಮೇಲೆ ಎಲ್ಲರೂ ನಮಗಾಗಿ ಕಾಯುತ್ತ ಕೂತಿರುತ್ತಿದ್ದರು. ಎಲ್ಲರಿಗಿಂತ ಮುಂದೆ ಸೊಲೊಮೋನಪ್ಪ, ಕೈಯಲ್ಲಿ ತೆರೆದ ಜೇಬುಗಡಿಯಾರ. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು, ನಮ್ಮ ಪುಟ್ಟ ಸಭೆಯ ಹಿರಿಯರು. ತಡವಾದದ್ದು ಸಾಲದೆಂದು ಅಪ್ಪ ತಾನು ದಾರಿಯಲ್ಲಿ ಕಂಡದ್ದನ್ನೆಲ್ಲ ಪ್ರಾರ್ಥನೆಯೊಳಗೂ ತರುತ್ತಿದ್ದ. ಕರ್ತನೇ, ಮಿಂಚುಳ್ಳಿಯ ಬೆನ್ನಿನ ನೀಲಿಗಾಗಿ ನಿನಗೆ ಸ್ತೋತ್ರ. ಕರ್ತನೇ, ಒದ್ದೆ ಮಣ್ಣಿನ ವಾಸನೆಗಾಗಿ ಸ್ತೋತ್ರ. ಎಮ್ಮೆಯ ಬೆನ್ನೇರಿ ಹೋಗುವ ಬೆಳ್ಳಕ್ಕಿಗಾಗಿ, ಮತ್ತು ಅದನ್ನು ಹೊರುವ ಎಮ್ಮೆಗಾಗಿ. ಎಮ್ಮೆಯ ಹೆಸರು ಬಂದ ಕೂಡಲೇ ಮಕ್ಕಳ ಬೆಂಚಿನಲ್ಲಿ ಕಿಸಕಿಸ ಶುರುವಾಗುತ್ತಿತ್ತು. ಸೊಲೊಮೋನಪ್ಪ ಕೆಮ್ಮುತ್ತಿದ್ದರು. ನಾನು ಬೆಂಚಿನ ಕೆಳಗೆ ತೂರಿಕೊಳ್ಳಬಾರದೇ ಅನಿಸುವಷ್ಟು ಕುಗ್ಗುತ್ತಿದ್ದೆ.

ಒಮ್ಮೆ ಆರಾಧನೆ ಮುಗಿದ ಮೇಲೆ ಸೊಲೊಮೋನಪ್ಪ ಅಪ್ಪನನ್ನು ಅಂಗಳದ ಬೇವಿನ ಕೆಳಗೆ ನಿಲ್ಲಿಸಿಕೊಂಡರು. "ದಾವೀದಪ್ಪ, ನಮ್ಮ ಹಿರ್ಯಾರು ಗಿಡಕ್ಕ, ಕಲ್ಲಿಗೆ ಕೈ ಮುಗಿಯೋದು ಬಿಟ್ಟು ಈ ಕಡೆ ಬಂದ್ರು. ಊರು ಬಿಟ್ರು, ಬಳಗ ಬಿಟ್ರು. ನೀ ನೋಡಿದ್ರ ಮತ್ತ ಗಿಡದ ಕೆಳಗ ಹೋಗಿ ನಿಂತೀ."

"ಗಿಡಕ್ಕ ಕೈ ಮುಗಿಯೋದಿಲ್ರಿ. ಅದನ್ನ ಮಾಡಿದಾವಗ ಮುಗೀತೀನಿ."

"ಅವ ಚರ್ಚಿನ್ಯಾಗ ಇಲ್ಲೇನು?"

"ಅದಾನ್ರಿ. ಆದ್ರ ಒಳಗ ಬರೇ ನಾವ ಮಾತಾಡ್ತೀವಿ. ಹೊರಗ ಅವ ಮಾತಾಡ್ತಾನ."

ಸೊಲೊಮೋನಪ್ಪ ಗಡಿಯಾರದ ಮುಚ್ಚಳ ಟಪ್ಪೆಂದು ಮುಚ್ಚಿ ಹೊರಟರು. ಅವರ ಅಜ್ಜನನ್ನು ಹೊಸ ಧರ್ಮ ಹಿಡಿದದ್ದಕ್ಕೆ ಊರ ಬಾವಿಯಿಂದ ದೂರವಿಟ್ಟಿದ್ದರಂತೆ. ಅಷ್ಟು ಕಷ್ಟಪಟ್ಟು ದಾಟಿ ಬಂದ ಹೊಳೆಯ ದಂಡೆಗೆ ಈ ಮನುಷ್ಯ ಮತ್ತೆ ಹೋಗಿ ನಿಲ್ಲುತ್ತಾನಲ್ಲ ಎಂಬ ಭಯ ಅವರದು. ಅದು ಭಯವೆಂದು ನನಗೆ ಆಗ ತಿಳಿಯಲಿಲ್ಲ. ಅವರೊಬ್ಬ ಸಿಡುಕ ಮುದುಕ, ನಮ್ಮ ಅಪ್ಪನೊಬ್ಬ ಮೊಂಡ, ನಡುವೆ ಹಸಿದು ನಿಂತವಳು ನಾನು, ಅಷ್ಟೇ ತಿಳಿದಿತ್ತು.

ಆ ವರ್ಷದ ಮಳೆಗಾಲದಲ್ಲಿ ಮರಾಠಿ ಪಾದ್ರಿಯವರು ಹೇಳಿಕಳಿಸಿದರು. ಅವರ ಸಭೆ ಬೆಳೆದಿತ್ತು, ಮಕ್ಕಳ ಭಾನುವಾರದ ಶಾಲೆಗೆ ಜಾಗ ಸಾಲದಾಗಿತ್ತು. ಕನ್ನಡದವರು ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಅವರ ಆರಾಧನೆ ಮರಾಠಿಯವರ ಹೊತ್ತಿನೊಳಗೆ ಚಾಚಿಕೊಳ್ಳುತ್ತದೆ ಎಂದು ದೂರು ಹೋಗಿತ್ತು. ಬರುವ ಭಾನುವಾರ ನಾವೇ ಬಂದು ಕೂರುತ್ತೇವೆ, ನಿಮ್ಮ ತಾಸು ಮುಂದುವರಿಸಬೇಕೋ ಬೇಡವೋ ನೋಡಿ ತೀರ್ಮಾನಿಸುತ್ತೇವೆ ಎಂದಿದ್ದರು. ನರ್ಸಾಕೆ ಅಂದು ಅಂಗಳದಲ್ಲೇ ಅತ್ತಳು. ಮರಾಠಿಯಲ್ಲಿ ತನಗೆ ರೋಗಿಗಳ ಜೊತೆ ಮಾತಾಡಲು ಬರುತ್ತದೆ, ದೇವರ ಜೊತೆ ಬರುವುದಿಲ್ಲ ಎಂದಳು. ಅವ್ವ ವಾರವಿಡೀ ಅಪ್ಪನ ಮೇಲೆ ಕಣ್ಣಿಟ್ಟಳು, ಹಾಲು ಉಕ್ಕದಂತೆ ಕಾಯುವ ಹಾಗೆ. ಶನಿವಾರ ಸಂಜೆಯೇ ಟೋಪಿ, ಕೋಟು, ಕೀಲಿಕೈ ಎಲ್ಲ ಮೇಜಿನ ಮೇಲೆ ಬಂದವು. ಭಾನುವಾರ ಇನ್ನೂ ಹಾಲಿನವನು ಬರುವ ಮೊದಲೇ ಮನೆ ಬಿಟ್ಟೆವು.

ದಿನಗಟ್ಟಲೆ ಸುರಿದ ಮಳೆ ಆಗಷ್ಟೇ ನಿಂತಿತ್ತು. ಸೇತುವೆಯ ನಡುವೆ ಬಂದಾಗ ಮೋಡದ ಅಡಿಯಿಂದ ಸೂರ್ಯ ಇಣುಕಿದ. ಮುಠಾ ನದಿ ಕೆಂಪು ಕೆಂಪಾಗಿ ಹರಿದು ಬಂದು, ಹಸಿರು ಬಣ್ಣದ ಮುಳಾ ನದಿಯನ್ನು ಕೂಡುತ್ತಿತ್ತು. ಎರಡು ನೀರಿನ ನಡುವೆ ಒಂದು ಗೆರೆ. ಅದರ ಮೇಲೆ ಬಿಸಿಲು ಬಿದ್ದು ಇಡೀ ಸಂಗಮ ಹೊಸದಾಗಿ ತಿಕ್ಕಿದ ಹಿತ್ತಾಳೆಯಂತಾಯಿತು. ದಂಡೆಯ ಜಾಲಿಯ ಪ್ರತಿ ಮುಳ್ಳಿಗೂ ಒಂದು ಹನಿ. ಅಪ್ಪ ಟೋಪಿ ತೆಗೆದ. ನಾನು ಅವ್ವನ ಮುಖ ನೋಡಿದೆ.

"ಇವತ್ತ ಬ್ಯಾಡ್ರಿ. ಕೈ ಮುಗೀತೀನಿ, ಇವತ್ತೊಂದಿನ ನಡೀರಿ."

"ಒಂದ ಗಳಿಗಿ," ಎಂದ ಅಪ್ಪ. ಅವನು ಅವಳನ್ನು ಕೇಳಿಸಿಕೊಂಡೇ ಇರಲಿಲ್ಲ.

ಅವ್ವ ಕಾದಳು. ಆಮೇಲೆ ಅವನ ಕೋಟಿನ ಜೇಬಿಗೆ ಕೈ ಹಾಕಿ ಕೀಲಿಕೈ ತೆಗೆದುಕೊಂಡಳು. "ಇವರ ಧ್ಯಾನ ಮುಗಿದ ಮ್ಯಾಲೆ ಕರಕೊಂಡು ಬಾ," ಎಂದು ನನಗೆ ಹೇಳಿ, ಸೀರೆಯ ನಿರಿಗೆ ಎತ್ತಿ ಹಿಡಿದು ದಾಪುಗಾಲು ಹಾಕುತ್ತ ಹೋದಳು. ನನಗೆ ಅಳು ಬಂತು. ಅಪ್ಪನ ತೋಳು ಹಿಡಿದು ಜಗ್ಗಿದೆ. ಅಪ್ಪ ಬಾಗಿ ನನ್ನ ಭುಜದ ಮೇಲೆ ಕೈಯಿಟ್ಟ. ಅವನ ಕಣ್ಣು ಒದ್ದೆಯಾಗಿತ್ತು. "ವಾರಪೂರ್ತಿ ಉಲ್ಟಾ ಅಕ್ಷರ ನೋಡ್ತೀನಿ, ಎಸ್ತಿ. ಇಲ್ಲಿ ಬಂದ್ರ ಎಲ್ಲಾ ನೆಟ್ಟಗ ಅದ. ಆ ಎರಡು ನೀರು ಎಲ್ಲಿ ಕೂಡ್ತಾವು ನೋಡು. ಕಾಣ್ತದೇನು?"

"ನೀರು ಕಾಣ್ತದ," ಎಂದೆ, ಆದಷ್ಟೂ ಒರಟಾಗಿ.

ಅವನು ನಕ್ಕು ಟೋಪಿ ಹಾಕಿಕೊಂಡ. ನಾವು ಚರ್ಚಿನ ಅಂಗಳ ಮುಟ್ಟಿದಾಗ ಬಾಗಿಲು ತೆರೆದಿತ್ತು, ಹಾಡು ಮುಗಿದಿತ್ತು, ಒಳಗಿನಿಂದ ಪಾಠ ಓದುವ ದನಿ ಬರುತ್ತಿತ್ತು. ಅವ್ವನ ದನಿ. ನಲ್ಲಿಯ ಹತ್ತಿರ ಜಗಳಾಡಿ ಗಟ್ಟಿಯಾದ ದನಿ, ಧಾರವಾಡದ ಮಿಶನ್ ಶಾಲೆಯಲ್ಲಿ ಕಲಿತ ಸ್ಪಷ್ಟ ಓದು. ಮುಂದಿನ ಬೆಂಚಿನಲ್ಲಿ ಮರಾಠಿ ಪಾದ್ರಿ ತಲೆ ಬಾಗಿಸಿ ಕೂತಿದ್ದರು. ಸೊಲೊಮೋನಪ್ಪನವರ ಕಿವಿ ಕೆಂಪಗಾಗಿತ್ತು. ಅಪ್ಪ ಮುಂದೆ ಹೋಗಲಿಲ್ಲ. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತು, ಮಕ್ಕಳಂತೆ ಕೈ ಕಟ್ಟಿಕೊಂಡು ಕೇಳಿದ. ಆರಾಧನೆ ಹೊತ್ತಿಗೆ ಸರಿಯಾಗಿ ಮುಗಿಯಿತು. ಪಾದ್ರಿ ಎದ್ದು ಅವ್ವನಿಗೆ ಕೈ ಮುಗಿದು, "ಛಾನ್ ವಾಚಲಂತ, ಬಾಈ," ಎಂದರು. ಚೆನ್ನಾಗಿ ಓದಿದಿರಮ್ಮ ಎಂದು. ನಮ್ಮ ತಾಸು ನಮಗೇ ಉಳಿಯಿತು.

ಪಾದ್ರಿ ಅತ್ತ ಸರಿದ ಮೇಲೆ ಸೊಲೊಮೋನಪ್ಪ ಹೇಳಿದರು, "ಹೆಣ್ಣುಮಕ್ಕಳು ಮುಂದ ನಿಂತು ಓದೋದು ನಮ್ಮಲ್ಲಿ ಪದ್ಧತಿ ಇಲ್ಲ, ತಂಗಿ."

"ಗಂಡಸರು ಸೇತುವಿ ಮ್ಯಾಲೆ ನಿಲ್ಲೋದು ಪದ್ಧತಿ ಅದ ಏನ್ರಿ?" ಎಂದಳು ಅವ್ವ.

ಮುಂದಿನ ವಾರದಿಂದ ಬೇರೆ ವ್ಯವಸ್ಥೆ ಮಾಡೋಣ ಎಂದು ಅವರು ಗೊಣಗಿದರು. ಆ ಬೇರೆ ವ್ಯವಸ್ಥೆ ಅವರು ಬದುಕಿರುವವರೆಗೂ ಆಗಲಿಲ್ಲ. ಕೀಲಿಕೈ ಅವ್ವನ ಸೊಂಟಕ್ಕೆ ಬಂತು. ಅಪ್ಪ ತನ್ನ ಪಾಡಿಗೆ ನದಿ ನೋಡಿಕೊಂಡು ಹಿಂದಿನಿಂದ ಬರತೊಡಗಿದ. ನನಗಂತೂ ಅದು ಮಹಾ ಅನ್ಯಾಯ ಅನಿಸಿತ್ತು. ತಪ್ಪು ಮಾಡಿದವನಿಗೆ ರಜೆ, ಸರಿ ಮಾಡಿದವಳಿಗೆ ದುಡಿಮೆ.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅಪ್ಪನ ಕಣ್ಣು ಹೋಯಿತು. ಮೊದಲು ಸಣ್ಣ ಮೊಳೆಗಳು ಕಾಣದಾದವು, ಆಮೇಲೆ ದೊಡ್ಡವು, ಕೊನೆಗೆ ನಮ್ಮ ಮುಖಗಳು. ಕಣ್ಣಿನ ನರ ಒಣಗಿದೆ, ಚಾಕುವಿನಿಂದ ಸರಿಯಾಗುವುದಲ್ಲ ಎಂದರು ಡಾಕ್ಟರು. ಛಾಪಖಾನೆಯ ಕೆಲಸ ಬಿಟ್ಟುಹೋಯಿತು. ನಾನು ಆಗ ಮಾಸ್ತರಿಕೆಯ ತರಬೇತಿಗೆ ಹೋಗುತ್ತಿದ್ದೆ. ದೇವರು ಇಂಥದನ್ನು ಮಾಡುವಾಗ ಜನ ಆರಿಸುವ ರೀತಿ ನನಗೆ ಅರ್ಥವಾಗಲಿಲ್ಲ. ನೋಡುವುದೇ ಪ್ರಾರ್ಥನೆಯಾಗಿದ್ದವನ ಕಣ್ಣು ಕಿತ್ತುಕೊಂಡು, ಎಲ್ಲವನ್ನೂ ಬರೀ ನೀರೆಂದವಳಿಗೆ ನಿಚ್ಚಳ ಕಣ್ಣು ಬಿಟ್ಟಿದ್ದ. ಅಪ್ಪ ಮಾತ್ರ ದೂರಲಿಲ್ಲ. ಭಾನುವಾರ ಅವ್ವನ ತೋಳು ಹಿಡಿದು ನಡೆದು ಬಂದು, ಕಾಲಡಿ ಸೇತುವೆಯ ಕಲ್ಲು ತಾಕಿದ ಕೂಡಲೇ ನಿಲ್ಲುತ್ತಿದ್ದ.

"ಏನ ಕಾಣ್ತದ ಹೇಳು."

"ಏನಿಲ್ರಿ, ನೀರು."

"ಎಂಥಾ ನೀರು?"

"ನೀರಿನಂಥಾ ನೀರು. ನಡೀರಿ."

"ನೀ ನೋಡಲೇ ಇಲ್ಲ," ಅನ್ನುತ್ತಿದ್ದ ಅಪ್ಪ. ಹೋಗುವ ಬರುವ ಟಾಂಗಾದವರು ತಿರುಗಿ ನೋಡುವಂತೆ ಇಬ್ಬರೂ ವಾದ ಮಾಡುತ್ತಿದ್ದರು. ಕೊನೆಗೆ ಜಗಳ ಬೇಗ ಮುಗಿಯಲೆಂದು ಅವ್ವ ಹೇಳತೊಡಗಿದಳು: ನೀರು ಕಂದು ಅದ. ದಂಡಿಗೆ ಹಸರು. ಅಗಸರು ಬಟ್ಟಿ ಹರವ್ಯಾರ. ವಾರ ಕಳೆದಂತೆ ಅವಳ ಮಾತು ಉದ್ದವಾಯಿತು. ಸಿಟ್ಟಿನಲ್ಲೇ ಹೇಳುತ್ತಿದ್ದಳು, ಅಡಿಗೆ ಕೆಟ್ಟದ್ದನ್ನು ವಿವರಿಸುವ ದನಿಯಲ್ಲಿ. ಆದರೂ ಹೇಳುತ್ತಿದ್ದಳು. ಒಂದು ಬೇಸಿಗೆಯ ಭಾನುವಾರ ನಾನೂ ಜೊತೆಗಿದ್ದೆ. ನದಿ ಬಹಳ ಬತ್ತಿತ್ತು. ಅವ್ವ ಕಟ್ಟೆಗೆ ಒರಗಿ, ನಡುಪಾತ್ರದ ಮಡುವಿನಲ್ಲಿ ಒಂದು ಮಿಂಚುಳ್ಳಿ ಮುಳುಗಿ ಎದ್ದದ್ದನ್ನು, ಅದರ ಕೊಕ್ಕಿನಿಂದ ಹನಿ ಉದುರಿದ್ದನ್ನು, ಆ ಹನಿ ಬಿದ್ದಲ್ಲಿ ಉಂಗುರ ಎದ್ದು ಹರಡಿದ್ದನ್ನು ಹೇಳುತ್ತಿದ್ದಳು. ಅಪ್ಪ ತಲೆಯಾಡಿಸಿ, "ಸಾಕು, ಹೊತ್ತಾತು, ನಡಿ," ಎಂದ.

"ನಿಲ್ರಿ ಒಂದೀಟು," ಎಂದಳು ಅವ್ವ. "ಇನ್ನೂ ಹರಡ್ಲಿಕ್ಕತ್ತದ."

ದೇಶಕ್ಕೆ ಸ್ವಾತಂತ್ರ್ಯ ಬರುವ ಹಿಂದಿನ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ಸೊಲೊಮೋನಪ್ಪ ಅದಕ್ಕೂ ಮೊದಲೇ ಹೋಗಿದ್ದರು. ರೈಲ್ವೆಯವರಿಗೆ ವರ್ಗವಾಯಿತು, ಗಿರಣಿಯವರು ಹುಬ್ಬಳ್ಳಿಗೆ ಮರಳಿದರು, ನರ್ಸಾಕೆ ಮದುವೆಯಾಗಿ ಮುಂಬಯಿಗೆ ಹೋದಳು. ಒಂದು ಭಾನುವಾರ ಬೆಂಚಿನಲ್ಲಿ ಅವ್ವ ಮತ್ತು ನಾನು ಇಬ್ಬರೇ ಇದ್ದೆವು. ಆರಾಧನೆ ಮುಗಿಸಿ ಅವ್ವ ಕೀಲಿಕೈಯನ್ನು ಮರಾಠಿಯವರಿಗೆ ಒಪ್ಪಿಸಿದಳು. ಆ ತಾಸಿನಲ್ಲಿ ಈಗ ಅಲ್ಲಿ ಮಕ್ಕಳು ಓದುತ್ತಾರಂತೆ. ಚಾಳನ್ನು ಕೆಡವಿ ಮೂರಂತಸ್ತು ಕಟ್ಟಿದ್ದಾರೆ, ನಮ್ಮ ಪಡಸಾಲೆ ಇದ್ದ ಎತ್ತರದಲ್ಲಿ ಯಾರದೋ ಬಟ್ಟೆ ಒಣಗುತ್ತದೆ.

ನಾನು ಮದುವೆಯಾಗಿ ಸೊಲ್ಲಾಪುರಕ್ಕೆ ಬಂದಾಗ ಅವ್ವನನ್ನೂ ಕರೆತಂದೆ. ಅವಳು ಹಿತ್ತಲ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಸೋಸುತ್ತ ಸೋಸುತ್ತ ಕೈ ನಿಂತುಬಿಡುತ್ತಿತ್ತು, ಒಲೆಯ ಮೇಲಿನ ಬೇಳೆ ತಳ ಹತ್ತುತ್ತಿತ್ತು. ನಾನು ರೇಗುತ್ತಿದ್ದೆ. ಒಂದು ಸಂಜೆ ಹಾಗೆಯೇ ಕರಕಲು ಪಾತ್ರೆ ಇಳಿಸಿ ಬಂದು ಅವಳ ಪಕ್ಕ ಕೂತೆ. ಹಿತ್ತಲಲ್ಲಿ ಒಂದು ನುಗ್ಗೆಯ ಗಿಡ, ಅದರ ಬಿಳಿ ಹೂವಿನಲ್ಲಿ ಜೇನುಹುಳ. ಬೈಯಲೆಂದು ಬಂದವಳು ಬೈಯಲಿಲ್ಲ.

"ಅಪ್ಪ ನಿನಗ ಭಾಳ ಕಾಡಿದ್ರಲ್ಲವ್ವ," ಎಂದೆ.

ಅವ್ವ ಹೂವಿನಿಂದ ಕಣ್ಣು ತೆಗೆಯಲಿಲ್ಲ.

"ಈಗೂ ಕಾಡ್ತಾರ," ಎಂದಳು.