ಇಪ್ಪತ್ತೆರಡು ಸಲ ಬಳಿದ ಆಕಾಶ

ನಮ್ಮಪ್ಪನ ತಂಗಿ ಬೋರ್ಡ್ ಬರೆಯುವವಳು. 'ಎಚ್ಚರಿಕೆ, ಸಿಡಿಮದ್ದು' ಎಂದು ಕಲ್ಲುಗಣಿಯ ತುಂಬ ಕೆಂಪಕ್ಷರದಲ್ಲಿ ಬರೆದವಳು ಅವಳೇ. ಊರವರು ಅವಳನ್ನು ಕರೆಯುವುದೂ 'ಸಿಡಿಮದ್ದು' ಎಂದೇ. ಅದಕ್ಕೆ ಬೋರ್ಡಿಗಿಂತ ಅವಳ ಬಾಯಿಯೇ ಹೆಚ್ಚು ಕಾರಣ.

ಗಣಿ ಆಫೀಸಿನ ಗೋಡೆಯ ಮೇಲೆ ಕಿಟಕಿಯಾಚೆಯ ಬೆಟ್ಟವನ್ನು ಬರೆದವಳೂ ಅತ್ತೆಯೇ. ಹಳೇ ಯಜಮಾನರದು ಒಂದೇ ಹಟ: ಚಿತ್ರ ಬೆಟ್ಟಕ್ಕೆ ಸರಿಯಾಗಿ ಹೊಂದಬೇಕು. ಹಾಗಾಗಿ ಪ್ರತಿವರ್ಷ ಯಂತ್ರಗಳ ರಿಪೇರಿಗೆಂದು ಗಣಿ ನಿಂತ ವಾರ ಅತ್ತೆ ಏಣಿ ಹತ್ತಿ, ಆ ವರ್ಷ ಒಡೆದುಹೋದಷ್ಟು ಶಿಖರದ ಮೇಲೆ ನೀಲಿ ಬಳಿಯುತ್ತಿದ್ದಳು. ತೇಪೆ ಕಾಣಬಾರದೆಂದು ಇಡೀ ಆಕಾಶಕ್ಕೂ ಮತ್ತೊಂದು ಕೈ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು.

ಈ ಸಲ ಏಣಿ ಹೊತ್ತು ಹೋದರೆ ಹೊಸ ಮ್ಯಾನೇಜರು ಇದ್ದರು.

"ಏನಮ್ಮಾ ಈ ಮೊಂಡು ಬೆಟ್ಟ? ನೋಡೋಕೇ ಚೆನ್ನಾಗಿಲ್ಲ. ಸೋಮವಾರ ಸುಣ್ಣ ಹೊಡೆಸಿಬಿಡ್ತೀನಿ."

ಅತ್ತೆಯ ಮುಖ ಸಪ್ಪಗಾಯಿತು. ಅವಳ ಜೀವಮಾನದ ಒಂದೇ ಚಿತ್ರ ಅದು. ಉಳಿದದ್ದೆಲ್ಲ ಬರೀ ಅಕ್ಷರ.

"ಎರಡು ದಿನ ಕೊಡಿ ಸಾರ್. ಆಮೇಲೆ ನಿಮ್ಮಿಷ್ಟ."

ಶನಿವಾರ, ಭಾನುವಾರ ನಾನೂ ಅವಳೂ ಉಪ್ಪುಕಾಗದ ಹಿಡಿದು ಆಕಾಶ ಉಜ್ಜಿದೆವು. ನನ್ನ ಬೆರಳ ಚರ್ಮ ಸುಲಿಯಿತು. "ಮೆಲ್ಲಗೆ ಕಣೇ, ಪಾತ್ರೆ ತಿಕ್ಕುತ್ತಿಲ್ಲ ನೀನು" ಎಂಬ ಬೈಗುಳ ಬೇರೆ. ನೀಲಿ ಸವೆದಂತೆ ಬೆಟ್ಟದ ಹಳೆಯ ಅಂಚುಗಳು, ವರ್ಷಕ್ಕೊಂದರಂತೆ, ಒಂದರ ಮೇಲೊಂದು ಎದ್ದುಬಂದವು. ಎಲ್ಲಕ್ಕಿಂತ ಮೇಲೆ, ನಾನು ಒಮ್ಮೆಯೂ ಕಣ್ಣಾರೆ ಕಾಣದ ಶಿಖರ.

ಸೋಮವಾರ ಸುಣ್ಣದ ಡಬ್ಬ ಬಂತು. ಕೆಲಸಗಾರರೂ ಬಂದು ಗೋಡೆ ನೋಡುತ್ತ ನಿಂತರು. ಬಂಡೆಗೆ ತೂತು ಕೊರೆಯುವ ಅಣ್ಣನೊಬ್ಬ ಒಂದು ಗೆರೆಯ ಮೇಲೆ ಬೆರಳಿಟ್ಟ.

"ಇದು ನಾನು ಸೇರಿದ ವರ್ಷದ್ದು. ಇಲ್ಲಿಂದ ಕೆಳಗೆಲ್ಲ ನಾನೇ ಕೊರೆದಿದ್ದು."

ಅದು ಹೆಮ್ಮೆಯೋ ಸಂಕಟವೋ ಅವನಿಗೇ ತಿಳಿದಂತಿರಲಿಲ್ಲ. ಲಾರಿಯವನು ತನ್ನ ಗೆರೆ ಹುಡುಕತೊಡಗಿದ. ಮ್ಯಾನೇಜರು ಗೋಡೆಯನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದರು.

"ಡಬ್ಬ ವಾಪಸ್ ತಗೊಂಡು ಹೋಗ್ರಪ್ಪಾ," ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಕೆಳಗೆ ನಿಮ್ಮ ಹೆಸರು ಹಾಕಿ ಅಮ್ಮಾ."

ಬೋರ್ಡ್ ಬರೆಯುವವರು ಎಂದೂ ಹೆಸರು ಹಾಕುವುದಿಲ್ಲ. ಅತ್ತೆ ಕುಂಚವನ್ನು ಕೆಂಪಿಗೆ ಅದ್ದಿ, ಎಚ್ಚರಿಕೆ ಬೋರ್ಡಿನ ಅದೇ ದಪ್ಪಕ್ಷರದಲ್ಲಿ ಬರೆದಳು: 'ಬೆಟ್ಟ ಒಡೆದವರು ಇವರೆಲ್ಲ. ಆಕಾಶ ಬಳಿದು ಮುಚ್ಚಿದವಳು ನಾನು.'

ಇವಳು ನನ್ನತ್ತೆ ಎಂದು ಅಲ್ಲಿದ್ದವರಿಗೆಲ್ಲ ಕೂಗಿ ಹೇಳಬೇಕೆನಿಸಿತು. ಅವರಿಗೆಲ್ಲ ಅದು ಗೊತ್ತೇ ಇತ್ತು, ಆದರೂ ಹೇಳಿದೆ.