ಅಪ್ಪನ ಬರಿ ಬೇರೆ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಅಕ್ಕ, "ನನಗೆ ಚಳಿ ಆಗ್ತಾ ಉಂಟು, ಸೊಂಟ ಮುರಿದ ಹಾಗೆ ನೋಯ್ತದೆ" ಎಂದಳು. ಎಪ್ರಿಲ್ ತಿಂಗಳು, ಫ್ಯಾನಿನ ಕೆಳಗೂ ನಾವೆಲ್ಲ ಬೆವರುತ್ತಿದ್ದೆವು. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲವೆಂದು ಆಗಷ್ಟೇ 'ಒ' ಗುಂಪಿನ ಬಾಟಲಿ ತೂಗುಹಾಕಿದ್ದರು. ನರ್ಸ್ ಓಡಿಬಂದು ನಿಲ್ಲಿಸಿದರು. ಕೊಳವೆಯಲ್ಲಿ ಅರ್ಧಕ್ಕೆ ನಿಂತ ಆ ಕೆಂಪು ಗೆರೆ ಈಗಲೂ ಕಣ್ಣಿಗೆ ಬರುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಿ.ಎಸ್ಸಿ. ಮುಗಿಸಿದ್ದೆ, ಒ ಗುಂಪಿಗೆ ಒ ಗುಂಪು ಹೊಂದಲೇಬೇಕು ಎಂದು ಓದಿದ್ದೆ. ಆದರೆ ಅಕ್ಕನ ರಕ್ತದ ತಿಳಿಗೆ, ಅಂದರೆ ಸೀರಮ್ಮಿಗೆ, ಯಾರ ಒ ಹನಿ ಬೆರೆಸಿದರೂ ಗಾಜಿನ ಮೇಲೆ ಹಾಲಿನಂತೆ ಒಡೆಯುತ್ತಿತ್ತು. ರಕ್ತ ಪರೀಕ್ಷಿಸುವ ಡಾಕ್ಟರಮ್ಮ ಹೇಳಿದರು: "ಇದು ಒ ಅಲ್ಲ. ಬೊಂಬಾಯಿ ಗುಂಪು ಅಂತ ಉಂಟು, ತುಂಬ ಅಪರೂಪ. ಅದಕ್ಕೆ ಅದೇ ಗುಂಪು ಆಗ್ಬೇಕು. ಕುಟುಂಬದವರನ್ನು ಕರೆಸಿ, ಬೇಗ."

ಕುಟುಂಬ ಎಂದರೆ ನಮ್ಮಲ್ಲಿ ತಾಯಿಯ ಕಡೆಯವರು. ತಾಯಿಯಿಂದ ಮಕ್ಕಳಿಗೆ ಬರುವ ಕುಲಕ್ಕೆ ಬರಿ ಎನ್ನುತ್ತೇವೆ. ಸೋದರಮಾವ ತಮ್ಮ ಹೋಟೆಲಿನಿಂದ ಫೋನ್ ಮಾಡಿ, ದೇರೆಬೈಲಿನಿಂದ, ಜೆಪ್ಪುವಿನಿಂದ ಅಮ್ಮನ ಬರಿಯವರನ್ನೆಲ್ಲ ಕಾರಿನಲ್ಲಿ ತುಂಬಿಸಿ ತಂದರು. "ಒಂದೇ ಬರಿ, ಒಂದೇ ರಕ್ತ ಮಾರಾಯ. ಹೊಂದದೆ ಎಲ್ಲಿಗೆ ಹೋಗ್ತದೆ?" ಎಂದು ಮೊದಲು ತಾವೇ ತೋಳು ಚಾಚಿದರು. ಅವರದು ಒಡೆಯಿತು. ಅಮ್ಮನದು, ಚಿಕ್ಕಮ್ಮನದು ಒಡೆಯಿತು. ನನ್ನದು ಬಿ ಗುಂಪು, ನೋಡುವುದೇ ಬೇಡ ಎಂದರು. ಒಳಗೆ ಅಕ್ಕನ ತುಟಿ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು.

"ಇನ್ನು ಯಾರೂ ಇಲ್ವಾ?" ಡಾಕ್ಟರಮ್ಮ ಕೇಳಿದರು.

"ಎಲ್ಲ ಆಯ್ತು," ಎಂದರು ಮಾವ.

"ಆ ಬೆಂಚಲ್ಲಿ ಕೂತವರು?"

"ಅವರು ನಮ್ಮ ಭಾವ. ಹುಡುಗಿಯ ಅಪ್ಪ. ಅವರ ಬರಿ ಬೇರೆ."

"ಮಗಳು ಬರಿ ಕೇಳಿ ಹುಟ್ಟಿದ್ದಾಳಾ? ಕರೀರಿ ಅವರನ್ನು."

ಅಪ್ಪ ಬಂದವರೇ, "ನನ್ನದು ಆಗ್ತದಾ?" ಎಂದರು, ಬೇರೆ ಮನೆಯ ಊಟಕ್ಕೆ ಕರೆದವರಂತೆ ಸಂಕೋಚದಿಂದ. ಅವರ ಹನಿ ಒಡೆಯಲಿಲ್ಲ. ಡಾಕ್ಟರಮ್ಮ ಗಾಜನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ಅಲುಗಿಸಿದರು. ಒಡೆಯಲಿಲ್ಲ.

ಕಾರಣವನ್ನು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ರಕ್ತಕಣದ ಮೈಮೇಲೆ ಒಂದು ಬಗೆಯ ಸಕ್ಕರೆಯನ್ನು ಕೂರಿಸುವ ಕಿಣ್ವ ಉಂಟು. ಅದನ್ನು ಮಾಡಿಸುವ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟೇ ಬಂದರೆ ಆ ಸಕ್ಕರೆ ಕೂರುವುದಿಲ್ಲ. ಆಗ ಮೈ, ಅದಿರುವ ರಕ್ತವನ್ನೆಲ್ಲ ವೈರಿಯೆಂದು ಎಣಿಸುತ್ತದೆ. ಅಪ್ಪನದೂ ಅಂಥದೇ ರಕ್ತ; ಅಮ್ಮನಲ್ಲಿ ಅಂಥ ಕೆಟ್ಟ ಜೀನ್ ಒಂದು ಅಡಗಿತ್ತು. ಅಮ್ಮ ಅಪ್ಪನಿಗೆ ಸೋದರಮಾವನ ಮಗಳು. ಬರಿ ಬೇರೆಯೆಂದೇ ಮದುವೆ ಕೂಡಿಬಂದಿತ್ತು. ಜೀನ್ ಆ ಲೆಕ್ಕ ಇಟ್ಟಿರಲಿಲ್ಲ.

ಅಪ್ಪನ ಒಂದು ಬಾಟಲಿಯಿಂದ ಅಕ್ಕ ಉಳಿದಳು. ಆದರೆ ಬೋಳಾರದ ಮನೆಗೆ ಬಂದ ಮೇಲೂ ಭಯ ಹೋಗಲಿಲ್ಲ. ಮತ್ತೆ ರಕ್ತ ಹೋದರೆ? ಇದ್ದದ್ದು ಒಬ್ಬರೇ, ಅವರಿಂದ ಕೂಡಲೇ ಇನ್ನೊಮ್ಮೆ ತೆಗೆಯುವಂತಿರಲಿಲ್ಲ. ಅಮ್ಮ ಗಳಿಗೆಗೊಮ್ಮೆ ಎದ್ದು ಅಕ್ಕನ ಬಟ್ಟೆ ನೋಡುತ್ತಿದ್ದರು. ಕೈಗೆ ಗಾಯವಾದೀತೆಂದು ಅಪ್ಪ ತೆಂಗಿನಕಾಯಿ ಸುಲಿಯುವುದನ್ನೂ ಬಿಟ್ಟರು. ಮಾವ ಹೋಟೆಲಿನಿಂದ ಕುರಿಯ ಲಿವರ್ ಹುರಿಸಿ ತರುತ್ತಿದ್ದರು: "ತಿನ್ನಿ ಭಾವ. ಈಗ ನಮ್ಮ ಬಾಟಲಿ ನೀವೇ. ಎಲ್ಲಿಯೂ ಜಾರಿ ಬೀಳ್ಬೇಡಿ."

ಮಳೆಗಾಲ ಕಳೆಯುವ ಹೊತ್ತಿಗೆ ಡಾಕ್ಟರಮ್ಮ ಇಬ್ಬರನ್ನೂ ಪರೀಕ್ಷಿಸಿ, ಅಕ್ಕನಿಗೆ ಇನ್ನು ಹೆದರಿಕೆಯಿಲ್ಲ, ಬೇಕೆಂದರೆ ಅಪ್ಪನೂ ಮತ್ತೆ ಕೊಡಬಹುದು ಎಂದರು. ಮರುದಿನ ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದೇ ನಮ್ಮನ್ನು ಎಬ್ಬಿಸಬೇಕಾಯಿತು. ರಾತ್ರಿ ಮಗು ಅತ್ತದ್ದು ಅಕ್ಕನೊಬ್ಬಳಿಗೇ ಕೇಳಿತಂತೆ.